ಕ್ರಿಸ್ಮಸ್ ಊಟಕ್ಕೆ ಲೋಕಿಕೆರೆಯ ಅಕ್ಕಿ

ನವೆಂಬರ್ 29, 1998. ಭಾನುವಾರ

ಬೆಳಿಗ್ಗೆ ಮುದುಕಿಗೆ ರಾಗಿ ಗಂಜಿ. ಸಪ್ಪೆ. ಮೂಗು ಮುರಿಯುತ್ತ ಕುಡಿದಳು. ಚರ್ಚಿಗೆ ಹೊರಡುವಾಗ ಸೆರಗಿನ ಗಂಟು ದಪ್ಪಗೆ ಕಂಡಿತು. ಬಿಚ್ಚಿಸಿದೆ. ಬೆಲ್ಲ. ಅವಳ ಕಣ್ಣೆದುರೇ ಬಚ್ಚಲಿಗೆ ಎಸೆದು ನೀರು ಹೊಯ್ದೆ. ಶುಗರ್ ಪೇಷಂಟು. ಡಾಕ್ಟರು ಸಿಹಿ, ಮಾಂಸ, ಕರಿದದ್ದು "ಕಡಿಮೆ ಮಾಡಿ" ಅಂದಿದ್ದರು. ಅದನ್ನು "ಇಲ್ಲ" ಅಂತ ಮಾಡಿದ್ದು ನಾನು. ಎಲ್ಲ ಅವಳ ಒಳ್ಳೆಯದಕ್ಕೇ. ಅದರಲ್ಲಿ ನನಗೂ ಒಂಚೂರು ಖುಷಿ ಸಿಕ್ಕರೆ ಯಾರಿಗೇನು ನಷ್ಟ?

ಮದುವೆಯಾಗಿ ಬಂದ ಹೊಸದರಲ್ಲಿ ಇದೇ ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು — "ಟೀಚರ್ ಮಾಡಿದ ಅಡಿಗಿ ಸೀಮೆಸುಣ್ಣ ತಿಂದಂಗೈತೆ" ಅಂತ. ಈಗ ತಿನ್ನಲಿ ಸೀಮೆಸುಣ್ಣ.

ಚರ್ಚಿನ ಅಂಗಳದಲ್ಲಿ ಎಲ್ಲರೂ ನನ್ನನ್ನು ಹೊಗಳಿದರು. ಸೊಸೆ ಅಂದರೆ ಶೀಲಾ ಟೀಚರ್ ಥರ ಇರಬೇಕು, ಅತ್ತೆಯನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ ಅಂತ. ಮುದುಕಿ ಪಕ್ಕದಲ್ಲೇ ಕೋಲೂರಿ ನಿಂತಿದ್ದಳು. ಸಭಾಪಾಲಕರಿಗೆ ಮಾತ್ರ ಹೇಳಿದಳು, "ಈ ಸಲ ಕ್ರಿಸ್ಮಸ್ಸಿಗೆ ನಮ್ಮನ್ಯಾಗ ಕುರಿ ತೊಡೆ ಮಾಡಿಸ್ತೀನಿ. ನೀವೂ ಬರ್ರಿ ಅಯ್ಯನೋರೆ."

ನೋಡೋಣ.

ಡಿಸೆಂಬರ್ 4, ಶುಕ್ರವಾರ

ಮಧ್ಯಾಹ್ನ ರಜೆ ಹಾಕಿ ಮಗಳು ಲಿಡಿಯಾ ಜತೆ ದಾವಣಗೆರೆ. ಬಸವಕಿರಣನ ಮನೆ. ಹುಡುಗ ಇವಳ ಕ್ಲಾಸ್‌ಮೇಟ್. ಒಬ್ಬನೇ ಮಗ. ಇವಳನ್ನೇ ಮದುವೆ ಆಗುತ್ತೇನೆ ಅಂತ ಊಟ ಬಿಟ್ಟು ಕೂತು ಅಪ್ಪ ಅಮ್ಮನನ್ನು ಒಪ್ಪಿಸಿದ್ದಾನೆ. ಅಂದರೆ ಅರ್ಧ ಒಪ್ಪಿಸಿದ್ದಾನೆ. ಇನ್ನರ್ಧ ನನ್ನ ಕೈಯಲ್ಲಿ.

ದೊಡ್ಡ ಮನೆ. ಮೊಸಾಯಿಕ್ ನೆಲ, ಹಿತ್ತಲಲ್ಲಿ ಹಸು, ಬಾಗಿಲಲ್ಲಿ ಕಾರು. ಲೋಕಿಕೆರೆಯಲ್ಲಿ ಗದ್ದೆ. ಪೇಟೆಯಲ್ಲಿ ಗೊಬ್ಬರ, ಕ್ರಿಮಿನಾಶಕದ ಅಂಗಡಿ. ಹುಡುಗನ ತಂದೆ ನಾಗರಾಜಪ್ಪನವರು ಊರಿಗೆಲ್ಲ ಯೂರಿಯಾ ಮಾರುತ್ತಾರೆ. ಆದರೆ ಯೂರಿಯಾ ಹಾಕಿ ಬೆಳೆದದ್ದನ್ನು ಬಾಯಿಗಿಡುವುದಿಲ್ಲ. ಮನೆಗೆ ಅಂತಲೇ ಬೇರೆ ಗದ್ದೆ, ಸಗಣಿ ಗೊಬ್ಬರ, ಬೇವಿನ ಹಿಂಡಿ.

"ಮಾರೋದು ಬ್ಯಾರೆ, ಉಣ್ಣೋದು ಬ್ಯಾರೆ ನೋಡ್ರಿ ಟೀಚರ್ರೆ," ಅಂದರು. "ಅಂಗಡ್ಯಾಗ ಇರೋದು ಏನು ಅಂತ ನನಗೆ ಗೊತ್ತೈತಲ್ಲ."

ಕ್ರಿಸ್ಮಸ್ಸಿಗೆ ಊಟಕ್ಕೆ ಕರೆದೆ. ತಾಯಿ ಗುರುಶಾಂತಮ್ಮ ತಕ್ಷಣ ಒಪ್ಪಲಿಲ್ಲ. ವಿಭೂತಿ ಹಚ್ಚಿದ ಹಣೆ, ಮೃದು ಮಾತು. "ಬರ್ತೀವ್ರಿ. ಆದ್ರ ಅವತ್ತು ನಿಮ್ಮ ಒಲಿ ಮ್ಯಾಲೆ ಮಾಂಸ ಏರಬಾರ್ದು. ಮಾಂಸ ಬೇಯಿಸಿದ ಪಾತ್ರೆನೂ ಬ್ಯಾಡ. ಔಷಧಿ ಹೊಡೆದ ತರಕಾರಿ ಇವರಿಗೆ ಆಗಂಗಿಲ್ಲ. ಅಕ್ಕಿ ಬ್ಯಾಳಿ ನಾವೇ ಕಳಿಸ್ತೀವಿ, ನಮ್ಮ ಗದ್ದಿದು." ಎಲ್ಲದಕ್ಕೂ ತಲೆಯಾಡಿಸಿದೆ.

ಆಮೇಲೆ ನಾನು ಕಾಯುತ್ತಿದ್ದ ಪ್ರಶ್ನೆ. "ನಿಮ್ಮದು ಮೂಲ ಯಾವ ಜನ?"

ನನ್ನ ಮುತ್ತಜ್ಜ ಬೆಟಗೇರಿಯ ಲಿಂಗಾಯತರವನು. ಅಷ್ಟು ನಿಜ. ನನ್ನ ಗಂಡನ ಕಡೆಯೂ ಹಾಗೇ ಅಂದೆ. ಅದು ಸುಳ್ಳು. ಇವರ ತಾಯಿ ಹುಟ್ಟಿದ್ದು ಕಡರನಾಯಕನಹಳ್ಳಿಯ ಊರಾಚೆಯ ಕೇರಿಯಲ್ಲಿ. ಆಗ ಹೆಸರು ದುರುಗವ್ವ. ಅಪ್ಪ ಅಮ್ಮ ಸತ್ತ ಮೇಲೆ ಮಿಷನ್ನಿನವರು ಸಾಕಿ ಎಸ್ತೇರ್ ಅಂತ ಹೆಸರಿಟ್ಟರು. ಮುದುಕಿ ಇದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾಳೆ. ಅದೂ ಹೆಮ್ಮೆಯಿಂದ. ಬಾಯಿಗೆ ಬೀಗ ಅನ್ನುವುದೇ ಇಲ್ಲ.

"ಮನ್ಯಾಗ ಹಿರೇರು ಯಾರ್ಯಾರು ಅದಾರ?"

"ಯಾರೂ ಇಲ್ರಿ," ಅಂದೆ.

ಲಿಡಿಯಾ ನನ್ನ ಮುಖ ನೋಡಿದಳು. ಬಸವಕಿರಣ ಕಾಫಿ ಲೋಟ ನೋಡಿದ. ಅವನು ನಮ್ಮ ಮನೆಗೆ ಬಂದಿದ್ದಾನೆ. ಮುದುಕಿ ಕೈಯ ಚಹಾ ಕುಡಿದಿದ್ದಾನೆ. ಆದರೂ ಬಾಯಿ ಬಿಡಲಿಲ್ಲ. ಜಾಣ.

ಬಸ್ಸಿನಲ್ಲಿ ಲಿಡಿಯಾ ನಮ್ಮ ಹರಿಹರ ಬರುವವರೆಗೂ ಕಿಟಕಿಯಾಚೆ ನೋಡುತ್ತಿದ್ದಳು. ಇಳಿಯುವಾಗ ಕೇಳಿದಳು, "ಅವತ್ತು ಅಜ್ಜಿನ ಎಲ್ಲಿ ಇಡ್ತೀಯ?" ಸುಳ್ಳು ಯಾಕೆ ಹೇಳಿದೆ ಅನ್ನಲಿಲ್ಲ. ಎಲ್ಲಿ ಇಡ್ತೀಯ ಅಂದಳು. ನನ್ನ ಮಗಳು.

ಡಿಸೆಂಬರ್ 7, ಸೋಮವಾರ

ಊಟದ ಹೊತ್ತಿಗೆ ಘೋಷಣೆ ಮಾಡಿದೆ. ಈ ಸಲ ಹೆಲ್ದಿ ಕ್ರಿಸ್ಮಸ್. ಆರ್ಗ್ಯಾನಿಕ್.

ಇವರು ಫ್ಯಾಕ್ಟರಿಯಿಂದ ಬಂದು ಇನ್ನೂ ಕೈ ತೊಳೆಯುತ್ತಿದ್ದರು. "ಹಂಗಂದ್ರೆ?"

"ಸೀಮೆಗೊಬ್ಬರದ್ದು ಇಲ್ಲ, ಎಣ್ಣೆ ಕಮ್ಮಿ, ಸಕ್ಕರೆ ಇಲ್ಲ, ಮಾಂಸ ಇಲ್ಲ. ಅತ್ತೆ ಶುಗರ್ ನೋಡಿದ್ದೀರಲ್ಲ? ಒಬ್ಬರು ಬಾಯಿ ಕಟ್ಟಿ ಉಳಿದವರು ಅವರೆದುರು ತಿನ್ನುವುದು ಸರಿಯಲ್ಲ."

ಎಷ್ಟು ನೀಟಾಗಿ ಹೇಳಿದೆ. ನನಗೇ ಒಂದು ಕ್ಷಣ ನಿಜ ಅನ್ನಿಸಿತು.

ಮುದುಕಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಕ್ರಿಸ್ತ ಹುಟ್ಟಿದ್ದಕ್ಕೆ ಕುಂಬಳಕಾಯಿ ತಿನ್ನಾದೇನೇ? ನಮ್ಮ ಕೇರ್ಯಾಗ ಸತ್ತೋರ ಊಟನೂ ಇದಕ್ಕಿಂತ ಚಲೋ ಇರ್ತಿತ್ತು." ಮಗನ ಕಡೆ ತಿರುಗಿದಳು. "ಏನೋ ಜಯವಂತ, ಒಂದು ತುಂಡೂ ಇಲ್ಲೇನೋ?"

ಇವರು ಟವೆಲ್ಲಿನಿಂದ ಬೆರಳು ಬೆರಳು ಒರೆಸಿಕೊಂಡರು. "ಆಕೆ ಹೇಳೋದು ನಿನ್ನ ಒಳ್ಳೇದಕ್ಕೇ ಅವ್ವ." ಇವರಿಗೆ ಎಲ್ಲ ಗೊತ್ತು. ಶುಕ್ರವಾರವೇ ಹೇಳಿದ್ದೇನೆ. "ನಿನಗೆ ಹೆಂಗೆ ತೋಚುತ್ತೋ ಹಂಗೆ" ಅಂದಿದ್ದರು. ಮದುವೆಯಾದಾಗಿನಿಂದ ಇವರು ನನಗೆ ಹೇಳಿದ ಅತಿ ಉದ್ದದ ಅಭಿಪ್ರಾಯ ಅದು.

ಡಿಸೆಂಬರ್ 12, ಶನಿವಾರ

ನಾಗರಾಜಪ್ಪನವರ ವ್ಯಾನು ಬಂದು ಚೀಲ ಇಳಿಸಿ ಹೋಯಿತು. ಕೆಂಪಕ್ಕಿ, ತೊಗರಿಬೇಳೆ, ನವಣೆ. ಮಿಲ್ಲಿನ ಪಾಲಿಶ್ ಕಾಣದ ಮಾಲು. ಕಲ್ಲು, ಹೊಟ್ಟು, ಮಣ್ಣಿನ ಹೆಂಟೆ ಎಲ್ಲ ಅದರಲ್ಲೇ. ಆರೋಗ್ಯ ಅಂದರೆ ಇದೇ ಇರಬೇಕು.

ನನಗೆಲ್ಲಿ ಸಮಯ. ಮೊರ ಕೊಟ್ಟು ಮುದುಕಿಯನ್ನು ಹಿತ್ತಲಲ್ಲಿ ಕೂರಿಸಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಖುಷಿಯಾದಳು. ಕಣ್ಣು ಮಂಜು, ಆದರೆ ಬೆರಳಿಗೆ ಕಣ್ಣಿದೆ. ಕಾಳಿನ ಮೇಲೆ ಕೈ ಆಡಿಸುತ್ತಾಳೆ, ಕಲ್ಲು ತಾನಾಗಿ ಬೆರಳಿಗೆ ಬರುತ್ತದೆ. "ಯಾರ ಗದ್ದಿದೇ ಇದು? ಬಾಳ ಚಂದ ಐತೆ," ಅಂದಳು. ಸಂತೆಯಿಂದ ತಂದದ್ದು ಅಂದೆ.

ಭಾನುವಳ್ಳಿಯಿಂದ ತರಕಾರಿ ಬುಟ್ಟಿ ಹೊತ್ತು ಬರುವ ರಹಮತ್ ಬೀ ಹತ್ತಿರ ಬದನೆಕಾಯಿ, ಮೆಂತ್ಯ ಸೊಪ್ಪು, ಕುಂಬಳಕಾಯಿಗೆ ಹೇಳಿಟ್ಟೆ. ಔಷಧಿ ಹೊಡೆದಿರಬಾರದು ಅಂತ ಎರಡು ಸಲ ಒತ್ತಿ ಹೇಳಿದೆ. ಅವಳು ನಕ್ಕಳು. "ಔಷಧಿ ತರಾಕೆ ನಮ್ಮತ್ರ ರೊಕ್ಕ ಎಲ್ಲೈತೆ ಟೀಚರಮ್ಮ? ನಮ್ದೆಲ್ಲ ಬರೇ ಸಗಣಿ." ಆಮೇಲೆ ಮುದುಕಿ ಪಕ್ಕ ಕೂತು ಎಲೆ ಅಡಿಕೆ. ಇಬ್ಬರದೂ ಹಳೆಯ ಸ್ನೇಹ. ಎಷ್ಟು ಹೊತ್ತು ಗುಸುಗುಸು.

ಪೇಟೆಗೆ ಹೋಗಿ ಹೊಸ ಸ್ಟೀಲ್ ಪಾತ್ರೆ ತಂದೆ. ಮಾಂಸದ ಹಳೆಯ ಪಾತ್ರೆಗಳೆಲ್ಲ ಅಟ್ಟಕ್ಕೆ. ಮುದುಕಿ ನೋಡುತ್ತ ಕೂತಿದ್ದಳು. "ಪಾತ್ರಿಗೂ ಶುಗರ್ರೇನೇ?" ಅಂದಳು.

ಡಿಸೆಂಬರ್ 17, ಗುರುವಾರ

ಶಿವಮೊಗ್ಗದ ನಾದಿನಿಗೆ ಫೋನು. ಅಮ್ಮನನ್ನು ಒಂದು ವಾರ ಇಟ್ಟುಕೊಳ್ಳಲು ಆಗುತ್ತಾ ಅಂತ. ಸ್ವಂತ ಮಗಳು. ಮನೆಗೆ ಸುಣ್ಣ ಹೊಡೆಸುತ್ತಿದ್ದಾರಂತೆ. ಆಮೇಲೆ ಪರೀಕ್ಷೆಯಂತೆ. ಆಮೇಲೆ ಅವಳಿಗೇ ಬೆನ್ನು ನೋವಂತೆ. ಕಾರಣಗಳು ಒಂದರ ಹಿಂದೆ ಒಂದು ಬಂದವು. ನಾನು ಕೆಟ್ಟವಳು, ಸರಿ. ಒಳ್ಳೆಯವರು ಎಲ್ಲಿದ್ದಾರೆ ಅಂತ ತೋರಿಸಿ.

ಹಿಂದಿನ ರೂಮೇ ಗತಿ.

ಡಿಸೆಂಬರ್ 20, ಭಾನುವಾರ, ಮಧ್ಯಾಹ್ನ

ಲಿಡಿಯಾ ಮುದುಕಿಗೆ ಎಲ್ಲ ಹೇಳಿಬಿಟ್ಟಿದ್ದಾಳೆ. ನಾನು ಇಷ್ಟು ದಿನ ಹೇಳದಿದ್ದದ್ದು ಧೈರ್ಯ ಸಾಲದೆ ಅಲ್ಲ. ಹೇಗೆ ಹೇಳಬೇಕು ಅಂತ ಇನ್ನೂ ಲೆಕ್ಕ ಹಾಕುತ್ತಿದ್ದೆ.

ಅನ್ನ ಬಡಿಸುವಾಗ ಮುದುಕಿ ನೇರ ಕೇಳಿದಳು. "ನಾನು ಕಂಡ್ರೆ ಹುಡ್ಗಿ ಮದುವಿ ಮುರೀತೈತೇನು?"

"ಹೌದು," ಅಂದೆ. ಸುತ್ತಿ ಬಳಸಿ ಮಾತಾಡುವ ಅಭ್ಯಾಸ ನನಗಿಲ್ಲ.

ಉಂಡು ಮುಗಿಸಿದಳು. ಕೈ ತೊಳೆದು ಬಂದು ಹೇಳಿದಳು, "ಹಂಗಾರೆ ಹಿಂದಿನ ರೂಮಿನಾಗ ಕುಂತಿರ್ತೀನಿ. ಬಾಗ್ಲು ಮುಂದ್ ಮಾಡ್ಕೋ. ಹುಡ್ಗಿ ಚಲೋ ಮನಿ ಸೇರಲಿ." ಇಷ್ಟು ಸುಲಭ ಅಂತ ಗೊತ್ತಿದ್ದರೆ ಶಿವಮೊಗ್ಗದ ಎಸ್‌ಟಿಡಿ ಬಿಲ್ ಉಳಿಯುತ್ತಿತ್ತು. ಆಮೇಲೆ ತಡೆದು ಕೇಳಿದಳು, "ಊಟಕ್ಕೆ ಮುಂಚೆ ಪ್ರಾರ್ಥನೆ ಯಾರು ಮಾಡ್ತಾರೆ?"

ಈ ಮನೆಯಲ್ಲಿ ಕ್ರಿಸ್ಮಸ್ ಊಟದ ಪ್ರಾರ್ಥನೆ ಅವಳದೇ. ಸೆರಗು ಹೊದ್ದು, ಕಣ್ಣು ಮುಚ್ಚಿ, ಸತ್ತವರು ಬದುಕಿರುವವರು ಎಲ್ಲರ ಹೆಸರೂ ಹೇಳಿ, ಸಾರು ತಣ್ಣಗಾಗುವವರೆಗೆ.

"ಪ್ರಾರ್ಥನೆ ಇಲ್ಲ. ಅವರಿಗೆ ಹಿಡಿಸಲ್ಲ," ಅಂದೆ.

ಮಾಂಸ ಇಲ್ಲ ಅಂದಾಗ ಜಗಳ ಆಡಿದವಳು ಇದಕ್ಕೆ ಅತ್ತಳು. ಶಬ್ದ ಇಲ್ಲದೆ. ನನಗೆ ಒಂದು ಕ್ಷಣ ಪಾಪ ಅನ್ನಿಸಿತು. ಬರೆದಿಡುತ್ತೇನೆ, ಯಾಕೆಂದರೆ ಒಂದು ಕ್ಷಣವೇ.

ಡಿಸೆಂಬರ್ 24, ಗುರುವಾರ, ಸಂಜೆ

ರಾಗಿ ಹಿಟ್ಟು, ಬೆಲ್ಲದ ಕೇಕು. ಮೊಟ್ಟೆ ಇಲ್ಲ. ಬೆಣ್ಣೆ ಇಲ್ಲ. ಉಬ್ಬಲೂ ಇಲ್ಲ. ಇವರು ಒಂದು ಚೂರು ತಿಂದು, "ಗೋಡೆ ಕಟ್ಟಬಹುದು" ಅಂದರು. ಹಾಗೇ ಇಡುತ್ತೇನೆ. ನೋಡಲಿಕ್ಕಾದರೂ ಕೇಕು ಇರಲಿ.

ಅಕ್ಕಿ ಹಸನಾಗಿದೆ. ಮುದುಕಿ ಎರಡನೇ ಸಲ ಪೂರ್ತಿ ಕೇರಿ ಇಟ್ಟಿದ್ದಾಳೆ. ಯಾರೂ ಹೇಳಿರಲಿಲ್ಲ. ಈಗ ಯಾರ ಎಲೆಗೆ ಹೋಗುವ ಅಕ್ಕಿ ಅಂತ ಗೊತ್ತಲ್ಲ, ಅದಕ್ಕೆ.

ಡಿಸೆಂಬರ್ 25, ಬೆಳಿಗ್ಗೆ

ಆರಾಧನೆಗೆ ನಾವು ಮೂವರೇ ಹೋಗಿ ಬಂದೆವು. ಸಭಾಪಾಲಕರಿಗೆ, ಅತ್ತೆಗೆ ಮೈ ಸರಿಯಿಲ್ಲ, ಊಟ ಇನ್ನೊಂದು ದಿನ ಅಂದೆ. ಮುದುಕಿ ಬಿಳಿ ಸೀರೆ ಉಟ್ಟು ಹಾಲ್‌ನಲ್ಲಿ ಕೂತಿದ್ದಳು, ಕರೆದುಕೊಂಡು ಹೋಗುತ್ತೇವೆ ಅಂತ. ಚರ್ಚಿಗೆ ಬಂದರೆ 'ಮನೆಗೆ ಊಟಕ್ಕೆ ಬರ್ರಿ' ಅಂತ ನಾಲ್ಕು ಜನರನ್ನಾದರೂ ಕರೆಯುತ್ತಾಳೆ. ಬೇಡ ಅಂದೆ. ಹಳೆಯ ಸೀರೆ ಉಟ್ಟುಕೊಳ್ಳಿ ಅಂತಲೂ ಅಂದೆ. ಬಿಳಿ ಸೀರೆ ಕೊಳೆಯಾಗುತ್ತದೆ ಅಂತ.

ಡಿಸೆಂಬರ್ 25, ಸಂಜೆ

ಎಲ್ಲ ಮುಗಿಯಿತು. ಗೆದ್ದೆ.

ಮೂವರೂ ಕಾರಿನಲ್ಲಿ ಬಂದರು. ಬಾಳೆ ಎಲೆ ಹಾಕಿದೆ. ಕೆಂಪಕ್ಕಿ ಅನ್ನ, ತೊವ್ವೆ, ಎಣ್ಣೆ ಕಾಣದ ಎಣ್ಣೆಗಾಯಿ, ಮೆಂತ್ಯದ ಪಚಡಿ, ಕುಂಬಳಕಾಯಿ ಪಲ್ಯ, ನವಣೆ ಪಾಯಸ, ಮಜ್ಜಿಗೆ. ಗುರುಶಾಂತಮ್ಮ ಮೊದಲು ಅಡಿಗೆಮನೆಗೆ ಬಂದು ಒಲೆ, ಪಾತ್ರೆ ಎಲ್ಲ ನೋಡಿ ಹೋದರು. ಒಂದು ಪಾತ್ರೆಯ ತಳಕ್ಕೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಅದನ್ನು ನೋಡಿ ಅವರಿಗೆ ಸಮಾಧಾನ.

ನಾಗರಾಜಪ್ಪನವರು ಸಾವಕಾಶ ಅಗಿದು ಉಂಡರು. ಎರಡನೇ ಸಲ ಅನ್ನ ಹಾಕಿಸಿಕೊಂಡರು. ಗುರುಶಾಂತಮ್ಮ ಕೈ ತಡೆದು ಹೇಳಿದರು, "ಇಷ್ಟು ಉಂಡೆ, ಒಂದು ಕಲ್ಲು ಹಲ್ಲಿಗೆ ಸಿಗಲಿಲ್ಲ. ನಮ್ಮ ಮನ್ಯಾಗ ಇದೇ ಅಕ್ಕಿ, ಮೂರು ಮಂದಿ ಕೆಲಸದೋರು ಹಸನು ಮಾಡಿದ್ರೂ ಕಟಕ್ ಅಂತೈತೆ. ಯಾರ್ರೀ ಹಸನು ಮಾಡಿದ್ದು?"

ನಾನೇ ಅನ್ನಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. ಆದರೆ ಆ ಮೂರು ಮಂದಿ ಕೆಲಸದವರು ಅನ್ನುವ ಮಾತು ಕಿವಿಯಲ್ಲೇ ಇತ್ತು. ನಮ್ಮದೇನು ಕಡಿಮೆ ಅಂತ ತೋರಿಸುವ ಚಪಲ.

"ನಮ್ಮ ಕೆಲಸದವಳು," ಅಂದೆ.

"ಹೌದೇನ್ರಿ? ಕರೀರಿ, ನೋಡಾಣ."

ಊರಿಗೆ ಹೋಗಿದ್ದಾಳೆ ಅನ್ನಬೇಕು ಅಂದುಕೊಳ್ಳುವಷ್ಟರಲ್ಲಿ ಹಿಂದಿನ ರೂಮಿನಿಂದ ಕೆಮ್ಮು. "ಅಲ್ಲೇ ಅದಾಳಲ್ಲ," ಅಂದರು ಗುರುಶಾಂತಮ್ಮ. ಎಸ್ತೇರ್ ಅಂತ ಕರೆಯುವಂತಿಲ್ಲ. ಕೆಲಸದವಳಿಗೆ ಕ್ರೈಸ್ತರ ಹೆಸರು ಅಂದರೆ ನಿಮ್ಮ ಪೈಕಿಯವಳೇನು ಅನ್ನುವ ಪ್ರಶ್ನೆ ಬರುತ್ತದೆ. ಬೇರೆ ಯಾವ ಹೆಸರಿನಿಂದ ಕರೆದರೂ ಅವಳು ತಿರುಗುವುದಿಲ್ಲ. ಒಂದೇ ಒಂದು ಬಿಟ್ಟು.

"ದುರುಗವ್ವಾ, ಬಾ ಇಲ್ಲಿ," ಅಂತ ಕೂಗಿದೆ.

ಆ ಹೆಸರಿನಿಂದ ಅವಳನ್ನು ಕರೆದವರು ಯಾರೂ ಈಗ ಭೂಮಿಯ ಮೇಲೆ ಇಲ್ಲ. ಆಮೇಲೆ ಕೋಲಿನ ಸದ್ದು. ಬಂದಳು. ಹೊಸ್ತಿಲಿನ ಆಚೆಗೇ ನಿಂತಳು. ತಲೆ ಮೇಲೆ ಸೆರಗು. ಯಾರೂ ಹೇಳಿಕೊಟ್ಟದ್ದಲ್ಲ. "ಏನ್ರಿ ಅಮ್ಮಾರೆ?" ಅಂದಳು.

ಇವರು ಅನ್ನ ಕಲಸುತ್ತಿದ್ದರು. ಕಲಸಿದ್ದನ್ನೇ ಮತ್ತೆ ಕಲಸಿದರು. ಲಿಡಿಯಾ ನೀರು ಕುಡಿದಳು. ಬಸವಕಿರಣ ಇನ್ನೊಂದು ಸೌಟು ಮಜ್ಜಿಗೆ ಕೇಳಿದ.

ಗುರುಶಾಂತಮ್ಮನದು ಒಳ್ಳೆಯ ಮನಸ್ಸು, ಸುಳ್ಳು ಹೇಳಬಾರದು. "ಬಾಳ ಚಂದ ಹಸನು ಮಾಡೀಯವ್ವ," ಅಂದರು. ಎದ್ದು, ತಾವು ತಂದಿದ್ದ ಡಬ್ಬಿಯಿಂದ ಎರಡು ಬೇಸನ್ ಉಂಡೆ ತೆಗೆದು, ಕೈ ತಾಗದಂತೆ ಮೇಲಿನಿಂದ ಅವಳ ಸೆರಗಿಗೆ ಬಿಟ್ಟರು. ಮುದುಕಿ ಸೆರಗು ಚಾಚಿ ಹಿಡಿದುಕೊಂಡಳು. ಬಗ್ಗಿ ಕೈ ಮುಗಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ತಿನ್ಲೇನ್ರಿ ಅಮ್ಮಾರೆ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ತಿನ್ನು," ಅಂದೆ. ಅಲ್ಲೇ ನಿಂತು ಎರಡೂ ತಿಂದಳು. ಒಂದು ಚೂರೂ ನೆಲಕ್ಕೆ ಬೀಳಲಿಲ್ಲ.

ಹೊರಡುವಾಗ ನಾಗರಾಜಪ್ಪನವರು, "ಮನಿ ಚಲೋ ಐತ್ರಿ. ಮಾಘದಾಗ ನಿಶ್ಚಯ ಮಾಡಾಣ," ಅಂದರು. ಲಿಡಿಯಾ ಕಾರಿನವರೆಗೂ ಹೋಗಿ ಬಂದು ನನ್ನನ್ನು ತಬ್ಬಿಕೊಂಡಳು. ಇವರು ಕೇಕಿನ ಮುಂದೆ ಕೂತಿದ್ದರು.

ಡಿಸೆಂಬರ್ 26, ಶನಿವಾರ

ಇವರು ಬೆಳಿಗ್ಗೆ ಎದ್ದವರೇ ಹೋಗಿ ಕುರಿ ಮಾಂಸ ತಂದರು. ನಾನೂ ಅಟ್ಟದಿಂದ ಪಾತ್ರೆ ಇಳಿಸಿದೆ. ಒಂದು ದಿನ ತಿಂದರೆ ಸಾಯುವುದಿಲ್ಲ. ಮಸಾಲೆ ನಾನೇ ರುಬ್ಬಿದೆ. ಬಡಿಸಿಟ್ಟು, "ಅತ್ತೆ, ಊಟಕ್ಕೆ ಬನ್ನಿ," ಅಂತ ಕರೆದೆ. ಮತ್ತೆ ಕರೆದೆ.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂತು ನಿನ್ನೆಯ ಪಾತ್ರೆ ತಿಕ್ಕುತ್ತಿದ್ದಳು. ಅತ್ತೆ ಅಂದರೆ ತಲೆ ಎತ್ತಲಿಲ್ಲ. ಅವ್ವ ಅಂತ ಇವರು ಕರೆದರೂ ಇಲ್ಲ. ಲಿಡಿಯಾ ಅಜ್ಜಿ ಅಂತ ಭುಜ ಹಿಡಿದು ಅಲ್ಲಾಡಿಸಿದಳು. ಬೂದಿ ಕೈ ಹಾಗೇ ಆಡುತ್ತಿತ್ತು. ಕೊನೆಗೆ ಸಿಟ್ಟು ಬಂದು, "ಏ ದುರುಗವ್ವ," ಅಂದೆ.

"ಬಂದೆ ಅಮ್ಮಾರೆ," ಅಂತ ಎದ್ದಳು.

ಇವರು ಕೈ ಹಿಡಿದು ಒಳಗೆ ಎಳೆದರು. "ಅವ್ವ, ಸಾಕು. ತಪ್ಪಾತು. ಬಾ ಉಣ್ಣು."

"ಸಾಹೇಬ್ರು ಉಣ್ರಿ. ನಂದೇನು, ಉಳಿದ್ರೆ ಆಮ್ಯಾಕೆ." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಜಗಳ ಆಡಬಹುದಿತ್ತು. ಮಾಂಸ ಮುಟ್ಟಲಿಲ್ಲ. ಸಂಜೆ ಒಣ ರೊಟ್ಟಿ ಕೇಳಿ ಈಸಿಕೊಂಡು ಹಿಂದಿನ ಮೆಟ್ಟಿಲ ಮೇಲೆ ತಿಂದಳು. ಅವಳದೇ ಮನೆ. ಅವಳ ಗಂಡ ಕಟ್ಟಿಸಿದ ಮೆಟ್ಟಿಲು.

ನಾಟಕ. ನಾಲ್ಕು ದಿನ ಆಡಲಿ.

ಜನವರಿ 3, 1999. ಭಾನುವಾರ

ನಾಲ್ಕು ದಿನ ಆಯಿತು, ವಾರ ಆಯಿತು. ಹೊಸ ವರ್ಷದ ಆರಾಧನೆಗೂ ಬರಲಿಲ್ಲ. ಚಾಪೆ ಹಿತ್ತಲ ಕಡೆಯ ವರಾಂಡಕ್ಕೆ ಎಳೆದುಕೊಂಡಿದ್ದಾಳೆ. ಬೆಳಿಗ್ಗೆ ಅಂಗಳ ಗುಡಿಸುತ್ತಾಳೆ. ಬೀದಿಯವರೆಲ್ಲ ನೋಡುತ್ತಾರೆ. ಸಭಾಪಾಲಕರು ಬಂದರು. ಇವಳು ಎದ್ದು ಗೋಡೆಗೆ ಸರಿದು ನಿಂತು, "ಅಮ್ಮಾರು ಒಳಗ ಅದಾರ್ರಿ," ಅಂದಳು. ಅವರು ನನ್ನನ್ನು ಏನೂ ಕೇಳಲಿಲ್ಲ. ಚಹಾನೂ ಕುಡಿಯಲಿಲ್ಲ.

ರಹಮತ್ ಬೀ ಮೆಟ್ಟಿಲ ಮೇಲೆ ಕೂತು, "ಏನಾತು ಎಸ್ತೇರಕ್ಕಾ?" ಅಂತ ಕೇಳಿದ್ದು ಕೇಳಿಸಿತು. ಇವಳು, "ಎಸ್ತೇರಮ್ಮ ಇಲ್ಲಮ್ಮ. ನಾ ಕೆಲಸದಾಕಿ," ಅಂದಳು. ರಹಮತ್ ಬೀ ಬುಟ್ಟಿ ಎತ್ತಿಕೊಂಡು ಹೋದಳು. ತೂಗಿಟ್ಟ ಸೊಪ್ಪನ್ನೂ ವಾಪಸು ಬುಟ್ಟಿಗೆ ಹಾಕಿಕೊಂಡಳು.

ಜನವರಿ 17, ಭಾನುವಾರ

ಇವತ್ತು ಗುರುಶಾಂತಮ್ಮ ಬಂದಿದ್ದರು, ನಿಶ್ಚಯದ ದಿನ ಹೇಳಲಿಕ್ಕೆ. ಫೆಬ್ರುವರಿ ಏಳು. ಇವರು ಸೆಕೆಂಡ್ ಶಿಫ್ಟ್‌ಗೆ ಹೋಗಿದ್ದರು. ಲಿಡಿಯಾ ದರ್ಜಿ ಹತ್ತಿರ.

ಕಾಫಿ ಕುಡಿಯುತ್ತ ಕೇಳಿದರು, "ನಿಮ್ಮ ದುರುಗವ್ವ ಅದಾಳೇನ್ರಿ? ಸುಗ್ಗಿ ಆತು, ಕಾಳು ಮನಿಗೆ ಬಂದು ಬಿದ್ದೈತೆ. ಹಸನು ಮಾಡೋರಿಲ್ಲ. ಆಕಿನ್ನ ನಮ್ಮಲ್ಲಿಗೆ ಕಳಿಸ್ರಿ. ಹೆಂಗೂ ನಾಳೆ ಹುಡುಗಿನೂ ಬರ್ತಾಳೆ, ಪರಿಚಯದ ಮುಖ ಒಂದು ಇರ್ಲಿ."

"ವಯಸ್ಸಾಗಿದೆ ಆಕೆಗೆ. ಶುಗರ್ ಬೇರೆ ಇದೆ," ಅಂದೆ.

"ಕೆಲಸದೋರಿಗೆ ಎಂಥಾ ಶುಗರ್ರೀ," ಅಂತ ನಕ್ಕರು. "ಹೊರಗಿನ ಕೆಲಸ. ಕೊಟಗಿ ಪಕ್ಕ ರೂಮೈತೆ. ಕುಂತು ಮಾಡಿದ್ರಾತು."

ಅತ್ತೆ ಅನ್ನುವ ಒಂದು ಮಾತು. ಅಷ್ಟೇ ಬೇಕಿದ್ದದ್ದು. ಇವರು ನನ್ನ ಅತ್ತೆ, ಕಳಿಸಲಿಕ್ಕಾಗುವುದಿಲ್ಲ ಅಂದರೆ ಮುಗಿಯಿತು. ಮಗಳ ಮದುವೆಯೂ ಮುಗಿಯಿತು. ಅವರ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ.

ಹಿತ್ತಲ ಬಾಗಿಲಿನಿಂದ ದನಿ ಬಂತು. "ಬರ್ತೀನ್ರಿ ಅಮ್ಮಾರೆ. ಇವತ್ತೇ ಬರ್ತೀನಿ."

ಎರಡು ಸೀರೆ ಗಂಟು ಕಟ್ಟಿದಳು. ಬೈಬಲ್ ಮಂಚದ ಮೇಲೇ ಬಿಟ್ಟಳು. ನಾನು ಹಿಂದೆ ಹೋಗಿ, ಗುರುಶಾಂತಮ್ಮನಿಗೆ ಕೇಳಿಸದಂತೆ ಹೇಳಿದೆ. ಇದು ಸಾಕು, ಹಟ ಬಿಡಿ, ನಿಮ್ಮ ಕಾಲು ಹಿಡಿಯುತ್ತೇನೆ ಅಂತ. ಅವಳು ಗಂಟು ಎತ್ತಿಕೊಂಡಳು. "ಹುಡ್ಗಿ ಇರೋ ಕಡಿಗೆ ಹೋಗ್ತೀನ್ರಿ ಅಮ್ಮಾರೆ. ಇಲ್ಲಿ ನಂಗ್ಯಾರದಾರ?" ಕಾರಿನ ಹಿಂದಿನ ಸೀಟಿನಲ್ಲಿ ಕೂರಲಿಲ್ಲ. ಡ್ರೈವರ್ ಪಕ್ಕ, ಕೆಳಗೆ ಕಾಲಿಡುವ ಜಾಗದಲ್ಲಿ ಕೂತಳು.

ಜನವರಿ 18

ಇವರು ಶಿಫ್ಟ್ ಮುಗಿಸಿ ಬಂದು ಚಾಪೆ ಖಾಲಿ ಇದ್ದದ್ದು ನೋಡಿದರು. ಹೇಳಿದೆ. ಬೈಯುತ್ತಾರೆ, ಹೊಡೆಯುತ್ತಾರೆ ಅಂತ ಕಾದೆ. "ಹೋಗಿ ಕರ್ಕೊಂಡು ಬನ್ನಿ. ನಮ್ಮವ್ವ ಅಂತ ಹೇಳಿ. ಆಮೇಲೆ ಲಿಡಿಯಾಗೂ ನೀವೇ ಹೇಳಿ," ಅಂದೆ. ಬೆಳಗಿನ ಬಸ್ಸಿಗೆ ಹೋಗುತ್ತೇನೆ ಅಂದರು. ಬೆಳಿಗ್ಗೆ ಶೂ ಹಾಕಿಕೊಂಡರು. ಟಿಫಿನ್ ಕ್ಯಾರಿಯರ್ ತೆಗೆದುಕೊಂಡು ಫ್ಯಾಕ್ಟರಿಗೆ ಹೋದರು.

ಫೆಬ್ರುವರಿ 7, ಭಾನುವಾರ, ಸಂಜೆ

ನಿಶ್ಚಯ ಆಯಿತು. ಲಿಡಿಯಾಗೆ ಹಸಿರು ರೇಷ್ಮೆ ಸೀರೆ, ಎರಡೆಳೆಯ ಸರ. ಮದುವೆ ಅವರ ಪದ್ಧತಿಯಲ್ಲೇ. ಎಲ್ಲದಕ್ಕೂ ಒಪ್ಪಿಕೊಂಡೆವು. ಊಟ ಚೆನ್ನಾಗಿತ್ತು. ಒಂದು ಕಲ್ಲೂ ಸಿಗಲಿಲ್ಲ.

ಬರೆಯಬೇಕಾದದ್ದು ಅದಲ್ಲ.

ನಾವು ಹೋಗಿ ಇಳಿದಾಗ ಬಾಗಿಲಲ್ಲಿ ಕೊಡ ಇಟ್ಟುಕೊಂಡು ಅತ್ತೆ ನಿಂತಿದ್ದರು. ಬಂದ ಬೀಗರ ಕಾಲಿಗೆ ನೀರು ಕೊಡುವುದು ಇದ್ದದ್ದೇ. ಚೊಂಬು ಕೈಗೆ ಕೊಡುತ್ತಾರೆ, ನಾವೇ ತೊಳೆದುಕೊಳ್ಳುತ್ತೇವೆ. ಗುರುಶಾಂತಮ್ಮ ಮರ್ಯಾದೆ ಹೆಚ್ಚು ಮಾಡಲು ಹೋಗಿ, "ದುರುಗವ್ವ, ಬೀಗರ ಕಾಲಿಗೆ ನೀನೇ ನೀರು ಹಾಕು," ಅಂದರು.

ಮೊದಲು ಇವರು. ಅತ್ತೆ ಕುಕ್ಕರುಗಾಲಲ್ಲಿ ಕೂತರು. "ಬಲಗಾಲು ಕೊಡ್ರಿ ಸಾಹೇಬ್ರೆ."

ಸುತ್ತ ಅವರ ಕಡೆಯ ಜನ. ಎಲ್ಲರೂ ನಗುಮುಖದಲ್ಲಿ ನೋಡುತ್ತಿದ್ದಾರೆ. ಇವರು ನನ್ನ ಮುಖ ನೋಡಿದರು. ನಾನು ಕಣ್ಣಿನಲ್ಲೇ ಬೇಡಿಕೊಂಡೆ. ಏನಂತ ಬೇಡಿಕೊಂಡೆ — ಕೊಡಿ ಅಂತಲೋ, ಬೇಡ ಅಂತಲೋ, ಈಗ ನನಗೇ ಗೊತ್ತಾಗುತ್ತಿಲ್ಲ. ಇವರು ಕಾಲು ಮುಂದೆ ಚಾಚಿದರು. ಅತ್ತೆ ನೀರು ಹೊಯ್ದರು. ಚಿಕ್ಕ ಮಕ್ಕಳಿಗೆ ತೊಳೆಯುವ ಹಾಗೆ ಹಿಮ್ಮಡಿ, ಬೆರಳ ಸಂದಿ ಎಲ್ಲ ಉಜ್ಜಿದರು. ಸೆರಗಿನಿಂದ ಒರೆಸಿದರು. ಆಮೇಲೆ ಎಡಗಾಲು. ಅದನ್ನೂ ಕೊಟ್ಟರು.

ಆಮೇಲೆ ನಾನು. ನನ್ನ ಕಾಲಿಗೂ ಅಷ್ಟೇ ಮುತುವರ್ಜಿ. ಕೈ ತುಂಬ ತೆಳ್ಳಗಾಗಿದೆ. ಸರಿಯಾಗಿ ಊಟ ಹಾಕುತ್ತಾರೋ ಇಲ್ಲವೋ. ಯಾವ ಬಾಯಲ್ಲಿ ಕೇಳಲಿ.

ಲಿಡಿಯಾ ನನ್ನ ಹಿಂದೆ ಇದ್ದಳು. ಅವಳ ಕಾಲಿಗೆ ನೀರು ಬೀಳುತ್ತಿದ್ದ ಹಾಗೆ ಸೀರೆ ಎತ್ತಿಕೊಂಡು, "ಸಾಕು ಸಾಕು, ಸೀರೆ ನೆನೀತೈತೆ, ಸರಿ ಆಕಡೆ," ಅಂದಳು. ಎಲ್ಲರೆದುರು. ದನಿ ಒಂದಿಷ್ಟೂ ನಡುಗಲಿಲ್ಲ. ಎಲ್ಲೋ ಕೇಳಿದ ದನಿ ಅನ್ನಿಸಿತು. ನನ್ನದೇ.

ಇವರು ಮನೆಗೆ ಬಂದಾಗಿನಿಂದ ಹಿತ್ತಲಲ್ಲಿ ಕೂತಿದ್ದಾರೆ. ಕಾಲಿಗೆ ಶೂ ಇಲ್ಲ. ಅಲ್ಲಿಂದ ಬರಿಗಾಲಲ್ಲೇ ಬಂದರು. ಕರೆದರೆ ಎದ್ದು ಬರುತ್ತಿಲ್ಲ.

ಬರುವಾಗ ಟೆಂಪೋದಲ್ಲಿ ಲಿಡಿಯಾ ಪಕ್ಕ ಕೂತಿದ್ದೆ. ಸರ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಹರಿಹರ ಹತ್ತಿರ ಬಂದಾಗ ಹೊಳೆಯ ಕಡೆ ನೋಡುತ್ತ ಕೇಳಿದಳು. ಕೋಪ ಇರಲಿಲ್ಲ. ಸಂತೆಯಿಂದ ಏನು ತರಲಿ ಅಂತ ಕೇಳುವ ಹಾಗೆ ಕೇಳಿದಳು.

"ಅಮ್ಮ, ಮುಂದೆ ನಿನಗೆ ವಯಸ್ಸಾಗಿ, ನನ್ನ ಮನೆಗೆ ಬಂದು ಇರಬೇಕಾಯ್ತು ಅನ್ಕೋ. ಆಗ ಇವರೆಲ್ಲರಿಗೂ ನಿನ್ನ ಯಾರು ಅಂತ ಹೇಳಲಿ?"

ಉತ್ತರವನ್ನು ಇಲ್ಲಿ ಬರೆದಿಡಬೇಕು. ನಾನು…